ನಾಳೆ ಬುಧವಾರ ಇಲ್ಲಿನ ಇನ್ನೂರು ಮೀಟರ್ ಉದ್ದದ ಹವಳದ ರೀಫ್‌ನಲ್ಲಿ ಅಲೆ 4 ಅಡಿ ಅಂತ ಒಂದು ಆ್ಯಪ್, 6 ಅಡಿ ಅಂತ ಇನ್ನೊಂದು. ಬೆಳಗ್ಗೆ 7ರಿಂದ 9ರವರೆಗೆ ಸರ್ಫ್ ಮಾಡೋಣ ಅಂತಿದ್ದೇನೆ, 9ಕ್ಕೆ ಇಳಿತ. ಶನಿವಾರಕ್ಕೆ 3 ಅಡಿ ಅಂತಿದೆ. ಯಾವುದನ್ನು ನಂಬಿ ಇಳಿಯಲಿ? ಪೀರಿಯಡ್ ನಾಳೆ 14 ಸೆಕೆಂಡು, ಶನಿವಾರ 11 ಅಂತಿದೆ.

1.2 ಮೀಟರ್, ಅಂದರೆ ನಿಮ್ಮ ಅದೇ 4 ಅಡಿ. ನಾನು ಮೊದಲ ಸಲ ಹವಳದ ರೀಫ್‌ಗೆ ಇಳಿದ ಹಿಂದಿನ ರಾತ್ರಿ ನೋಡಿದ್ದೂ ಇದೇ ಸಂಖ್ಯೆ. ಅಲ್ಲಿಯವರೆಗೆ ಮರಳು ತಳದಲ್ಲಷ್ಟೇ ಸರ್ಫ್ ಮಾಡಿದ್ದೆ. ಮೊದಲ ದಿನ 1.2 ಮೀಟರ್ ಎಂದಿತ್ತು, ಎದೆಮಟ್ಟಕ್ಕಿಂತ ತುಸು ಮೇಲಿನ ಅಲೆಗಳು ಬಂದವು, ಒಳ್ಳೆಯ ಬೆಳಗು. ಮರುದಿನವೂ 1.2 ಎಂದೇ ಇತ್ತು. ಗಾಳಿ ಎರಡೂ ದಿನ ನೆಲದ ಕಡೆಯಿಂದ, ನೀರಿನ ಮಟ್ಟವೂ ಹೆಚ್ಚುಕಡಿಮೆ ಒಂದೇ. ದಡದಲ್ಲಿ ಹತ್ತು ನಿಮಿಷ ನಿಂತು ನೋಡಿದೆ, ಸೊಂಟಮಟ್ಟದ ಅಲೆಗಳಷ್ಟೇ ಬಂದವು. ಈಜಿ ಹೋಗಿ ಹಿಂದಿನ ದಿನ ಕೂತ ಜಾಗದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಬಂದ ಸೆಟ್ (ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಗುಂಪು) ನಾನು ಕೂತಿದ್ದ ಜಾಗಕ್ಕಿಂತ ಮೂವತ್ತು ಮೀಟರ್ ಆಚೆಗೇ ಮುರಿದು ನನ್ನ ಮೇಲೆ ಬಿತ್ತು. ಎರಡನೆಯ ಅಲೆ ತಳಕ್ಕೆ ಒತ್ತಿತು, ಮೂರನೆಯದು ಹವಳದ ಮೇಲೆ ಎಳೆದುಕೊಂಡು ಹೋಯಿತು. ಬೆನ್ನು, ಮೊಣಕೈ ಸೀಳಿಸಿಕೊಂಡು ದಡಕ್ಕೆ ಬಂದೆ.

ತಪ್ಪು ಒಂದೇ. ಎತ್ತರ ನೋಡಿದೆ, ಅದರ ಪಕ್ಕದಲ್ಲಿದ್ದ ಪೀರಿಯಡ್ ನೋಡಲಿಲ್ಲ. ಮೊದಲ ದಿನ 8 ಸೆಕೆಂಡು, ಎರಡನೆಯ ದಿನ 16.

ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಪೀರಿಯಡ್ ಕೊನೆಯ ಸಾಲಿನಲ್ಲಿ ಬಂದಿದೆ. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನದರ ನೆತ್ತಿ ಅದೇ ಜಾಗಕ್ಕೆ ಬರಲು ಹಿಡಿಯುವ ಸೆಕೆಂಡುಗಳೇ ಪೀರಿಯಡ್. ಆಳದ ನೀರಿನಲ್ಲಿ ಅಲೆಯ ಉದ್ದ ಎಂದರೆ ಪೀರಿಯಡ್‌ನ ವರ್ಗವನ್ನು 1.56ರಿಂದ ಗುಣಿಸಿದಷ್ಟು ಮೀಟರ್. 8 ಸೆಕೆಂಡಿನ ಅಲೆ 100 ಮೀಟರ್ ಉದ್ದ, 16 ಸೆಕೆಂಡಿನದು 400 ಮೀಟರ್. ಪೀರಿಯಡ್ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗಲು ಶುರುವಾಗುತ್ತದೆ. ಮೊದಲನೆಯದಕ್ಕೆ 50 ಮೀಟರ್ ಆಳದಲ್ಲಿ, ಎರಡನೆಯದಕ್ಕೆ 200 ಮೀಟರ್ ಆಳದಲ್ಲೇ. ಅಷ್ಟು ದೂರದಿಂದಲೇ ಉದ್ದನೆಯ ಅಲೆ ತಳದ ಏರುತಗ್ಗಿಗೆ ತಕ್ಕಂತೆ ಬಾಗುತ್ತ ಬರುತ್ತದೆ, ಮುಂದಕ್ಕೆ ಚಾಚಿದ ರೀಫ್ ಇದ್ದರೆ ಅದರ ಮೇಲೆ ಎರಡೂ ಕಡೆಯ ಶಕ್ತಿ ಬಂದು ಕೂಡುತ್ತದೆ.

ಮುರಿಯುವಾಗಿನ ಎತ್ತರವೂ ಬೇರೆ. ಅಂದಾಜಿಗೆ ಒಂದು ಲೆಕ್ಕವಿದೆ: ಮೀಟರಿನಲ್ಲಿ ಎತ್ತರದ ವರ್ಗವನ್ನು ಪೀರಿಯಡ್‌ನಿಂದ ಗುಣಿಸಿ, ಅದರ 0.4ನೇ ಘಾತ ತೆಗೆದು, 0.62ರಿಂದ ಗುಣಿಸಿ. 1.2 ಮೀಟರ್, 8 ಸೆಕೆಂಡಿಗೆ ಸುಮಾರು 1.6 ಮೀಟರ್ ಬರುತ್ತದೆ. ಅದೇ 1.2 ಮೀಟರ್, 16 ಸೆಕೆಂಡಿಗೆ 2.2. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಮುರಿಯುತ್ತದೆ, ಹಾಗಾಗಿ ಮೊದಲನೆಯದು 2 ಮೀಟರ್ ಚಿಲ್ಲರೆ ನೀರಿನಲ್ಲಿ ಮುರಿದರೆ ಎರಡನೆಯದು ಹತ್ತಿರ ಹತ್ತಿರ 3 ಮೀಟರ್ ನೀರಿನಲ್ಲೇ, ಅಂದರೆ ಇನ್ನೂ ಹೊರಗೆ. ಹಿಂದಿನ ದಿನದ ಜಾಗದಲ್ಲಿ ಕೂತವನ ಮುಂದೆಯೇ ಅದು ಬೀಳುವುದು ಇದಕ್ಕೇ. ಈ ಲೆಕ್ಕ ನಿಧಾನಕ್ಕೆ ಏರುವ ತಳಕ್ಕೆ ಒಪ್ಪುವಂಥದ್ದು. ಆಳದಿಂದ ಒಮ್ಮೆಗೇ ಮೇಲೇಳುವ ರೀಫ್‌ನಲ್ಲಿ ಅಲೆ ಇದಕ್ಕಿಂತ ಕಡಿದಾಗಿ, ದಪ್ಪ ತುಟಿಯೊಂದಿಗೆ (ಮುಂದಕ್ಕೆ ಮಗುಚುವ ಮೇಲಂಚು) ಬೀಳುತ್ತದೆ.

ಇನ್ನೊಂದು ಮಾತು. ಪೀರಿಯಡ್ ಉದ್ದವಾದಷ್ಟೂ ಸೆಟ್‌ಗಳ ನಡುವಿನ ಬಿಡುವು ಹೆಚ್ಚು. ಹದಿನೈದು, ಇಪ್ಪತ್ತು ನಿಮಿಷ ಏನೂ ಇಲ್ಲದಂತೆ ಇದ್ದು ಆಮೇಲೆ ಐದಾರು ಅಲೆ ಒಟ್ಟಿಗೆ ಬರಬಹುದು. ನಾನು ನೋಡಿದ ಹತ್ತು ನಿಮಿಷ ಆ ಬಿಡುವಿನದು.

ಈಗ ನಿಮ್ಮ ಎರಡು ಆ್ಯಪ್‌ಗಳಿಗೆ ಬರೋಣ. ಯಾವುದು ನಿಜ ಎಂಬ ಪ್ರಶ್ನೆಯನ್ನೇ ಬಿಡಿ, ಬಹುಶಃ ಎರಡೂ ನಿಜ. ನೀವು ಕೊಟ್ಟ 4 ಅಡಿ, 14 ಸೆಕೆಂಡನ್ನು ಮೇಲಿನ ಲೆಕ್ಕಕ್ಕೆ ಹಾಕಿದರೆ 2 ಮೀಟರ್ ಚಿಲ್ಲರೆ, ಅಂದರೆ 6 ಅಡಿಗೂ ಮೇಲೆ ಬರುತ್ತದೆ. ಮೊದಲ ಆ್ಯಪ್ ಆಳದ ನೀರಿನ ಎತ್ತರ ತೋರಿಸುತ್ತಿದೆ, ಎರಡನೆಯದು ಮುರಿಯುವಾಗಿನ ಎತ್ತರವನ್ನು. ಆಳದ ನೀರಿನ ಆ ಸಂಖ್ಯೆಯೂ ಎಲ್ಲ ಅಲೆಗಳ ಎತ್ತರ ಅಲ್ಲ. ಅತಿ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಅದು. ಕೆಲವು ಗಂಟೆ ಕಾದರೆ ಅದರ ಒಂದು ಮುಕ್ಕಾಲು ಪಟ್ಟಿಗೂ ಮಿಕ್ಕಿದ ಅಲೆ ಒಂದಾದರೂ ಬರುವ ಸಾಧ್ಯತೆಯೇ ಹೆಚ್ಚು. ಇನ್ನು ಆ್ಯಪ್‌ಗಳ ಹಿಂದಿರುವ ಮಾದರಿಗಳು ಸಮುದ್ರವನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ನೋಡುತ್ತವೆ. ಇನ್ನೂರು ಮೀಟರ್ ಉದ್ದದ ನಿಮ್ಮ ರೀಫ್ ಅವಕ್ಕೆ ಕಾಣುವುದೇ ಇಲ್ಲ. ಮೂರು ದಿನದೊಳಗಿನ ಮುನ್ಸೂಚನೆಯ ಸಂಖ್ಯೆಯನ್ನು ಬಳಸಿ, ವಾರದಾಚೆಯದನ್ನು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಮಾತ್ರ. ಗಂಟೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇದೆಯೋ ಸ್ಥಳೀಯ ಸಮಯದಲ್ಲಿದೆಯೋ ಒಮ್ಮೆ ಖಚಿತ ಮಾಡಿಕೊಳ್ಳಿ.

ಒಟ್ಟು ಎತ್ತರದ ಬದಲು ದೂರದ ಗಾಳಿಯಿಂದ ಹುಟ್ಟಿ ಬರುವ ಅಲೆಸಾಲುಗಳನ್ನು, ಅಂದರೆ ಸ್ವೆಲ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಪುಟ ತೆರೆಯಿರಿ. 7 ಸೆಕೆಂಡಿನ 1.4 ಮೀಟರ್ ಗಾಳಿಯಲೆ ಮತ್ತು 15 ಸೆಕೆಂಡಿನ 0.6 ಮೀಟರ್ ಸ್ವೆಲ್ ಒಟ್ಟಿಗಿದ್ದರೆ ಆ್ಯಪ್ 1.5 ಮೀಟರ್ ಎಂದು ಒಂದೇ ಸಂಖ್ಯೆ ಕೊಡುತ್ತದೆ, ಪೀರಿಯಡ್ 7 ಎನ್ನುತ್ತದೆ. ಆ ಕಾಣದ 0.6 ಮೀಟರ್ ರೀಫ್ ಮೇಲೆ 1.2 ಮೀಟರಾಗಿ ಏಳುತ್ತದೆ.

ದೂರದ ಬಿರುಗಾಳಿಯ ಸ್ವೆಲ್ ಯಾವಾಗ ಮುಟ್ಟುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಪೀರಿಯಡ್‌ನ ಒಂದೂವರೆ ಪಟ್ಟು ಅದರ ವೇಗ, ನಾಟ್‌ಗಳಲ್ಲಿ. 18 ಸೆಕೆಂಡಿನದು 27 ನಾಟ್, ಅಂದರೆ ಗಂಟೆಗೆ 50 ಕಿ.ಮೀ. 3000 ಕಿ.ಮೀ. ದೂರದಿಂದ 60 ಗಂಟೆಯಲ್ಲಿ ಬರುತ್ತದೆ. 12 ಸೆಕೆಂಡಿನದಕ್ಕೆ 90 ಗಂಟೆ ಬೇಕು. ಆದ್ದರಿಂದ ಮೊದಲು ಬರುವುದು ಉದ್ದ ಪೀರಿಯಡ್‌ನ ಸಣ್ಣ ಎತ್ತರದ ಅಲೆ. ಪಟ್ಟಿಯಲ್ಲಿ ‘0.3 ಮೀಟರ್, 18 ಸೆಕೆಂಡು’ ಎಂದು ಮೂಲೆಯಲ್ಲಿ ಕಂಡರೆ ದೊಡ್ಡದು ಹಿಂದೆಯೇ ಬರುತ್ತಿದೆ ಎಂದು ತಿಳಿಯಿರಿ. ಹೊರ ಸಮುದ್ರದಲ್ಲಿ ಅಳತೆಯ ಬೂಯ್ (ಅಲೆ ಅಳೆಯುವ ತೇಲು ಯಂತ್ರ) ಇದ್ದರೆ ಬೆಳಗ್ಗೆ ಅದನ್ನೇ ಮೊದಲು ನೋಡಿ. 200 ಕಿ.ಮೀ. ಆಚೆಯ ಬೂಯ್‌ನಲ್ಲಿ 16 ಸೆಕೆಂಡು ಕಂಡರೆ ನಾಲ್ಕೂವರೆ ಗಂಟೆಯಲ್ಲಿ ನಿಮ್ಮಲ್ಲಿಗೆ ಬಂತು. ಮುನ್ಸೂಚನೆ ಊಹೆ, ಬೂಯ್ ಅಳತೆ.

ದಿಕ್ಕು ಹೇಳುವಾಗ ಗಾಳಿಗೂ ಸ್ವೆಲ್‌ಗೂ ಎಲ್ಲಿಂದ ಬರುತ್ತದೆ ಎಂಬುದನ್ನೇ ಹೇಳುತ್ತಾರೆ. ಪ್ರತಿ ರೀಫ್‌ಗೂ ತನ್ನದೊಂದು ಕಿಟಕಿಯಿದೆ, ಕೆಲವು ದಿಕ್ಕುಗಳ ಸ್ವೆಲ್ ಬಂದರಷ್ಟೇ ಅಲ್ಲಿ ಅಲೆ ಚೆನ್ನಾಗಿ ಏಳುತ್ತದೆ. ಹವಾಯಿಯ ಒವಾಹು ದ್ವೀಪದ ಹೆಸರಾಂತ ರೀಫ್ ಪೈಪ್‌ಲೈನ್‌ನಲ್ಲಿ ಪಶ್ಚಿಮಕ್ಕೆ ವಾಲಿದ ಸ್ವೆಲ್‌ಗೆ ಎಡದ ಅಲೆ ಚೆನ್ನಾಗಿ ತೆರೆದುಕೊಂಡರೆ, ಉತ್ತರಕ್ಕೆ ವಾಲಿದಾಗ ಬಲಕ್ಕೆ ಹೋಗುವ ಬ್ಯಾಕ್‌ಡೋರ್ ಏಳುತ್ತದೆ. ಅದೇ ರೀಫ್, ಅದೇ ಎತ್ತರ. 2024ರ ಒಲಿಂಪಿಕ್ಸ್ ಸರ್ಫಿಂಗ್ ನಡೆದ ಟಹೀಟಿಯ ಟಿಯಾಹುಪೊಗೆ ಬೇಕಾದದ್ದು ದಕ್ಷಿಣದ ಮಹಾಸಾಗರದಿಂದ ಬರುವ ನೈರುತ್ಯ ಸ್ವೆಲ್.

ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಿಂದ ಸಮುದ್ರಕ್ಕೆ 5ರಿಂದ 12 ನಾಟ್ ಇದ್ದರೆ ಹದ. 20 ದಾಟಿದರೆ ಅಲೆಯ ತುಟಿಯನ್ನು ಎತ್ತಿ ಹಿಡಿಯುತ್ತದೆ, ತುಂತುರು ಕಣ್ಣಿಗೆ ರಾಚುತ್ತದೆ, ಎದ್ದು ನಿಲ್ಲುವುದು ತಡವಾಗುತ್ತದೆ. ಮರಳಲ್ಲಿ ತಡವಾದರೆ ಮುಳುಗೇಳಬಹುದು, ರೀಫ್‌ನಲ್ಲಿ ಹವಳಕ್ಕೇ ಹೊಡೆತ. ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಶುರುವಾಗಿ ಮೇಲ್ಮೈ ಕೆಡುವುದು ಸಾಮಾನ್ಯ, ಹಾಗಾಗಿ ಬೆಳಗಿನ ಹೊತ್ತೇ ಲೇಸು. ಗುಡುಗು ಕೇಳಿದರೆ ನೀರಿನಿಂದ ಹೊರಗೆ ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಇಳಿಯಬೇಡಿ.

ನೀರಿನ ಮಟ್ಟದಲ್ಲೇ ಹೆಚ್ಚಿನವರು ಎಡವುವುದು. ಉಬ್ಬರದ ಪಟ್ಟಿಯಲ್ಲಿರುವ ‘0.9 ಮೀಟರ್’ ರೀಫ್ ಮೇಲಿನ ಆಳವಲ್ಲ. ಅದು ಒಂದು ನಿಗದಿತ ಸೊನ್ನೆ ಗೆರೆಯಿಂದ ಮೇಲಕ್ಕಿರುವ ಎತ್ತರ. ನಿಮ್ಮ ರೀಫ್‌ನ ಸೊನ್ನೆಯನ್ನು ನೀವೇ ಕಂಡುಕೊಳ್ಳಬೇಕು. ಸಾಧ್ಯವಾದರೆ ಅಲೆ ಕಡಿಮೆ ಇರುವ ದಿನ, ನೀರು ಇಳಿಯುವ ಹೊತ್ತಿಗೆ ಹೋಗಿ ದಡದಲ್ಲಿ ಕೂರಿ. ಎರಡು ಅಲೆಗಳ ನಡುವೆ ನೀರು ಶಾಂತವಾದಾಗ ಅತಿ ಎತ್ತರದ ಹವಳದ ಕಂದು ತಲೆ ಮೊದಲು ಕಾಣುವ ಗಂಟೆ ಬರೆದುಕೊಂಡು, ಆ ಗಂಟೆಗೆ ಪಟ್ಟಿಯಲ್ಲಿ ಎಷ್ಟಿದೆ ನೋಡಿ. 0.4 ಎಂದಿದ್ದರೆ ಅದೇ ನಿಮ್ಮ ಸೊನ್ನೆ. ಪಟ್ಟಿ 1.3 ಎನ್ನುವಾಗ ಆ ಹವಳದ ಮೇಲೆ 0.9 ಮೀಟರ್ ನೀರಿದೆ ಎಂದರ್ಥ. ಅದೂ ನೀರು ಶಾಂತವಿದ್ದಾಗ. ದೊಡ್ಡ ಅಲೆ ಮುರಿಯುವ ಮುನ್ನ ತನ್ನ ಮುಂದಿನ ನೀರನ್ನು ಎಳೆದುಕೊಳ್ಳುತ್ತದೆ, ಆ ಕ್ಷಣಕ್ಕೆ ಅಲ್ಲಿ ಮೊಣಕಾಲುದ್ದವೂ ಉಳಿಯದಿರಬಹುದು. ರೀಫ್‌ಗೆ ಹೊಸಬರು ಈ ಲೆಕ್ಕದಲ್ಲಿ 1 ಮೀಟರಿಗಿಂತ ಕಡಿಮೆ ಬಂದರೆ ಇಳಿಯಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ದಿನಕ್ಕೆ ಎರಡು ಉಬ್ಬರವಿರುವ ಕಡೆ ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ಒಟ್ಟು ವ್ಯತ್ಯಾಸ 1.8 ಮೀಟರ್ ಇದ್ದರೆ ನಡುವಿನ ಎರಡೇ ಗಂಟೆಯಲ್ಲಿ 0.9 ಮೀಟರ್ ಹೋಗಿಬಿಡುತ್ತದೆ. ಇಳಿದಾಗ ಸಾಕಷ್ಟಿದ್ದ ನೀರು ನೀವು ನಾಲ್ಕು ಅಲೆ ಹಿಡಿಯುವಷ್ಟರಲ್ಲಿ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ವ್ಯತ್ಯಾಸ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಮೊದಲ ರೀಫ್ ಪ್ರವಾಸವನ್ನು ಅಷ್ಟಮಿಯ ವಾರಕ್ಕೆ ಇಟ್ಟುಕೊಳ್ಳಿ.

ದಡಕ್ಕೆ ಹೋದ ಮೇಲೆ ಕನಿಷ್ಠ 40 ನಿಮಿಷ ನೋಡಿ. ಸೆಟ್ ಬಂದ ಗಂಟೆ, ಅದರಲ್ಲಿನ ಅಲೆಗಳ ಸಂಖ್ಯೆ, ಅತಿ ಹೊರಗೆ ಮುರಿದ ಜಾಗವನ್ನು ದಡದ ಎರಡು ಗುರುತುಗಳಿಗೆ ಹೊಂದಿಸಿ ನೆನಪಿಟ್ಟುಕೊಳ್ಳಿ. ಅಲೆಯ ಮೈಮೇಲೆ ತಟ್ಟೆಯಗಲದ ನುಣುಪಾದ ವೃತ್ತ ಕುದಿದು ಮೇಲೆ ಬಂದಂತೆ ಕಾಣುವ ಕಡೆ ಕೆಳಗೆ ಹವಳದ ದಿಂಡು ಮೇಲೆದ್ದಿದೆ. ಆ ವೃತ್ತ ಪ್ರತಿ ಅಲೆಯಲ್ಲೂ ಒಂದೇ ಜಾಗದಲ್ಲಿ ಬರುತ್ತದೆ. ಅಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಅಲೆ ಮುರಿಯದೆ ನೀರು ಕಡುಬಣ್ಣದಲ್ಲಿರುವ ಪಟ್ಟಿ ಚಾನೆಲ್. ರೀಫ್ ದಾಟಿ ಒಳಗೆ ತುಂಬಿದ ನೀರು ಅದರಲ್ಲೇ ಹೊರಗೆ ಹರಿಯುತ್ತದೆ, ಹೋಗುವುದಕ್ಕೆ ಸುಲಭ. ಇಳಿತದಲ್ಲಿ ಆ ಸೆಳೆತ ಇನ್ನೂ ಜೋರಾಗುವುದರಿಂದ ಬರುವುದಕ್ಕೆ ಬೇರೆ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬಿದ್ದರೆ ತಲೆ ಮುಂದಾಗಿ ಧುಮುಕಬೇಡಿ, ಮೈ ಅಗಲ ಮಾಡಿ ಚಪ್ಪಟೆಯಾಗಿ ಬಿದ್ದು ಎರಡೂ ತೋಳಿನಿಂದ ತಲೆ ಮುಚ್ಚಿಕೊಳ್ಳಿ. ತಳದಲ್ಲಿ ಕಾಲೂರಿ ನಿಲ್ಲಬೇಡಿ. ಹವಳದ ಗಾಯವನ್ನು ಶುದ್ಧ ನೀರು, ಸೋಪಿನಿಂದ ಉಜ್ಜಿ ತೊಳೆದು ಚೂರು ಉಳಿಯದಂತೆ ತೆಗೆಯಬೇಕು. ನೋವಿಗೆ ಹೆದರಿ ನಾನು ಮೇಲೆ ಮೇಲೆ ಅಷ್ಟೇ ತೊಳೆದದ್ದಕ್ಕೆ ಮೊಣಕೈ ಕೀವು ತುಂಬಿ ಮೂರು ವಾರ ಹಿಡಿಯಿತು.

ನಿಮ್ಮ ವಿವರಕ್ಕೆ ಬಂದರೆ, ನಾಳೆ ಬುಧವಾರ 14 ಸೆಕೆಂಡು, ಬೆಳಗ್ಗೆ 9ಕ್ಕೆ ಇಳಿತ. ನೀವು ಹೇಳಿದ 7ರಿಂದ 9ರ ಹೊತ್ತು ನೀರು ಬರಿದಾಗುತ್ತಿರುವ ಹೊತ್ತು. ಉಬ್ಬರ ಬರುವುದು ಮಧ್ಯಾಹ್ನ 3ರ ಮೇಲೆ, ಅಷ್ಟರಲ್ಲಿ ಸಮುದ್ರದ ಗಾಳಿ ಏರಿರುತ್ತದೆ. ನಾಳೆ ಬೋರ್ಡ್ ಕೋಣೆಯಲ್ಲೇ ಬಿಟ್ಟು 9ಕ್ಕೆ ಮುಂಚೆಯೇ ದಡಕ್ಕೆ ಹೋಗಿ ಹವಳದ ಸೊನ್ನೆ ಗುರುತಿಸಿ ಬನ್ನಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಶನಿವಾರ ಅದು 11.30ಕ್ಕೆ ಬರುತ್ತದೆ, ಉಬ್ಬರ ನಸುಕಿನ 5.20ರ ಸುಮಾರಿಗೆ. ನೀವೇ ಬರೆದಂತೆ ಶನಿವಾರಕ್ಕೆ 3 ಅಡಿ, 11 ಸೆಕೆಂಡು, ರೀಫ್ ಮೇಲೆ ಒಂದೂವರೆ ಮೀಟರ್ ಅಲೆ. ಕತ್ತಲಿರುವಾಗಲೇ ಬೂಯ್ ನೋಡಿ, ಬೆಳಕು ಹರಿಯುತ್ತಿದ್ದಂತೆ ದಡದಲ್ಲಿರಿ, 40 ನಿಮಿಷ ಎಣಿಸಿ ಇಳಿಯಿರಿ, ಅಲೆ ಎಷ್ಟೇ ಚೆನ್ನಾಗಿ ಬರುತ್ತಿದ್ದರೂ 7.30ಕ್ಕೆ ಹೊರಗೆ ಬನ್ನಿ.