ಮನಸ್ಸು ಗಟ್ಟಿ ಮಾಡಿಕೊಂಡರೆ ಈ ಸುಸ್ತು ಹೋಗುತ್ತಾ?

ಪ್ರಶ್ನೆ: ನನ್ನ ತಂಗಿ ಮದುವೆಯಾಗಿ ಇಂಗ್ಲೆಂಡಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಜ್ವರ ಬಂದು ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂದಿದ್ದಾರೆ. ತಲೆಗೆ ಸ್ನಾನ ಮಾಡಿದರೆ ಮಾರನೇ ದಿನ ಏಳೋಕೇ ಆಗಲ್ಲ ಅಂತಾಳೆ. ನಮ್ಮ ನೆಂಟರಲ್ಲೇ ಒಬ್ಬರು ಡಾಕ್ಟರಿದ್ದಾರೆ. 'ಕೌನ್ಸೆಲಿಂಗ್ ಮತ್ತು ವ್ಯಾಯಾಮದಿಂದ ಇದು ವಾಸಿಯಾಗುತ್ತೆ ಅಂತ ಬ್ರಿಟನ್ನಿನಲ್ಲೇ ದೊಡ್ಡ ಅಧ್ಯಯನ ಆಗಿದೆ, ರೋಗಿಗಳಿಗೆ ಮನಸ್ಸಿನ ಕಾಯಿಲೆ ಅಂತ ಒಪ್ಪೋಕೆ ನಾಚಿಕೆ, ಅದಕ್ಕೇ ಗಲಾಟೆ ಮಾಡ್ತಾರೆ' ಅನ್ನುತ್ತಾರೆ. ಇದನ್ನು ಹೇಳಿದಾಗ ತಂಗಿ ಫೋನಿನಲ್ಲೇ ಅತ್ತುಬಿಟ್ಟಳು. ಯಾರ ಮಾತು ನಂಬಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ತಂಗಿಯ ಮಾತು ನಂಬಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ನೆಂಟರಿಗೂ ಓದಿ ಹೇಳಿ.

ಅವರು ಹೇಳುತ್ತಿರುವುದು ಪೇಸ್ ಅನ್ನುವ ಅಧ್ಯಯನದ ಬಗ್ಗೆ ಇರಬೇಕು. 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 641 ರೋಗಿಗಳಿದ್ದರು. ಅದರ ಹಿಂದಿದ್ದ ವಾದ ಇಷ್ಟೇ: ಮೈಯಲ್ಲಿ ಈಗ ರೋಗ ಇಲ್ಲ, ರೋಗ ಇದೆ ಅನ್ನುವ ನಂಬಿಕೆ ಮತ್ತು ಓಡಾಡುವ ಭಯದಿಂದ ಮಲಗಿ ಮಲಗಿ ಮೈ ಸೋತಿದೆ, ಭಯ ಬಿಡಿಸಿ ಹಂತ ಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ ಸರಿಹೋಗುತ್ತದೆ. ಈ ದಾರಿಯಲ್ಲಿ 22% ಜನ ಗುಣವಾದರು ಅಂತ 2013ರಲ್ಲಿ ಇನ್ನೊಂದು ಪ್ರಬಂಧ ಬಂತು.

ರೋಗಿಗಳು ಆಗ ಮಾಡಿದ್ದು ಗಲಾಟೆ ಅಲ್ಲ, ಲೆಕ್ಕ. ಹಾಸಿಗೆಯಲ್ಲಿ ಮಲಗಿಕೊಂಡೇ, ದಿನಕ್ಕೆ ಎಷ್ಟು ಹೊತ್ತು ಕಣ್ಣು ತೆರೆದಿರಲು ಆಗುತ್ತದೋ ಅಷ್ಟು ಹೊತ್ತು, ಆ ಪ್ರಬಂಧಗಳನ್ನು ಸಾಲು ಸಾಲಾಗಿ ಓದಿದರು. ಮೈಯಲ್ಲಿ ಎಷ್ಟು ಶಕ್ತಿ ಇದೆ ಅಂತ ಅಳೆಯಲು ಅಲ್ಲಿ 100 ಅಂಕದ ಒಂದು ಪ್ರಶ್ನಾವಳಿ ಇತ್ತು. ಮೆಟ್ಟಿಲು ಹತ್ತುತ್ತೀರಾ, ದಿನಸಿ ಚೀಲ ಎತ್ತುತ್ತೀರಾ, ನೀವೇ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುತ್ತೀರಾ, ಹೀಗೆ ಹತ್ತು ಪ್ರಶ್ನೆ. ಅಧ್ಯಯನಕ್ಕೆ ಸೇರಬೇಕಾದರೆ 65 ಅಥವಾ ಅದಕ್ಕಿಂತ ಕಡಿಮೆ ಅಂಕ ಇರಬೇಕು, ಅಂದರೆ ಅಷ್ಟು ಕಾಯಿಲೆ ಇರಬೇಕು. ಗುಣವಾಗಿದ್ದಾರೆ ಅನ್ನಲು ಮೊದಲು ಇಟ್ಟಿದ್ದ ಗೆರೆ 85. ಆಮೇಲೆ ಅದನ್ನು 60ಕ್ಕೆ ಇಳಿಸಿದರು. ಈಗ ನೀವೇ ನೋಡಿ: ಒಬ್ಬ ರೋಗಿ 65ರಲ್ಲಿ ಒಳಗೆ ಬಂದು, ಇನ್ನೂ ಸೋತು 60ಕ್ಕೆ ಇಳಿದರೂ ಈ ಪ್ರಶ್ನಾವಳಿಯ ಮಟ್ಟಿಗೆ ಅವರು ಗುಣವಾದವರೇ! ಇದನ್ನು ಕಂಡುಹಿಡಿಯಲು ಡಾಕ್ಟರ್ ಆಗಿರಬೇಕಾ?

ಇನ್ನೊಂದು ತಕರಾರು ನನಗೆ ಇದಕ್ಕಿಂತ ಮುಖ್ಯ. ತಿಂಗಳುಗಟ್ಟಲೆ 'ನಿಮ್ಮ ಲಕ್ಷಣಗಳ ಬಗ್ಗೆ ಜಾಸ್ತಿ ಯೋಚಿಸಬೇಡಿ, ನೀವು ಹುಷಾರಾಗಬಲ್ಲಿರಿ' ಅಂತ ಹೇಳಿಕೊಟ್ಟು, ಕೊನೆಗೆ ಅವರನ್ನೇ 'ಈಗ ಹೇಗಿದ್ದೀರಿ?' ಅಂತ ಕೇಳಿದರೆ, ಪಾಪ, ಏನು ಬರೆಯುತ್ತಾರೆ? ಸ್ವಲ್ಪ ಪರವಾಗಿಲ್ಲ ಅಂತಲೇ ಬರೆಯುತ್ತಾರೆ. ಬಾಯಿಮಾತು ಬಿಟ್ಟು ಕಾಲಿನ ಲೆಕ್ಕ ನೋಡಿ. ವ್ಯಾಯಾಮದ ಗುಂಪಿನವರು ಒಂದು ವರ್ಷದ ಮೇಲೆ 6 ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರ್. ಆ ವಯಸ್ಸಿನ ಆರೋಗ್ಯವಂತರು 600 ಮೀಟರ್ ಸುಲಭವಾಗಿ ನಡೆಯುತ್ತಾರೆ.

ಅಂಕಿಅಂಶ ಕೊಡಿ, ನಾವೇ ನೋಡುತ್ತೇವೆ ಅಂತ ರೋಗಿಗಳು ಕೇಳಿದರೆ ಕೊಡಲಿಲ್ಲ. ಆಸ್ಟ್ರೇಲಿಯಾದ ಅಲೆಮ್ ಮ್ಯಾಥೀಸ್ ಅನ್ನುವ ರೋಗಿ 2014ರಲ್ಲಿ ಬ್ರಿಟನ್ನಿನ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ ಹಾಕಿದರು. ನಮ್ಮಲ್ಲಿ ಆರ್‌ಟಿಐ ಹಾಕುತ್ತಾರಲ್ಲ, ಹಾಗೆಯೇ. ಅಧ್ಯಯನದ ಅಂಕಿಅಂಶ ಇಟ್ಟುಕೊಂಡಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ವಕೀಲರನ್ನಿಟ್ಟು ವಾದ ಮಾಡಿ 2016ರಲ್ಲಿ ಸೋತಿತು. ಮೊದಲು ಇಟ್ಟಿದ್ದ ಗೆರೆಯಲ್ಲೇ ಮತ್ತೆ ಲೆಕ್ಕ ಹಾಕಿದಾಗ, ಗುಣವಾದವರು ಕೌನ್ಸೆಲಿಂಗ್ ಗುಂಪಿನಲ್ಲಿ 7%, ವ್ಯಾಯಾಮದ ಗುಂಪಿನಲ್ಲಿ 4%, ಎರಡೂ ಇಲ್ಲದೆ ಬರೀ ವೈದ್ಯರ ಆರೈಕೆ ಪಡೆದವರಲ್ಲಿ 3%. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಷ್ಟು ಹೊತ್ತಿಗೆ ಮ್ಯಾಥೀಸ್ ಅವರ ಕಾಯಿಲೆ ಹೆಚ್ಚಾಗಿ ಪೂರ್ತಿ ಹಾಸಿಗೆ ಹಿಡಿದಿದ್ದರು. ಆ ಮನುಷ್ಯನನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2021ರ ಅಕ್ಟೋಬರಿನಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯೇ ತನ್ನ ಮಾರ್ಗಸೂಚಿ ಬದಲಿಸಿತು: ಹಂತ ಹಂತವಾಗಿ ಏರಿಸುವ ವ್ಯಾಯಾಮ ಕೊಡಬೇಡಿ, ಕೌನ್ಸೆಲಿಂಗ್ ಬೇಕೆಂದವರಿಗೆ ಕಾಯಿಲೆ ಜೊತೆ ಬದುಕಲು ಆಸರೆಯಾಗಿ ಕೊಡಿ, ಕಾಯಿಲೆ ವಾಸಿ ಮಾಡುವ ಮದ್ದು ಅಂತ ಕೊಡಬೇಡಿ. ನಿಮ್ಮ ನೆಂಟರು ಇದನ್ನು ನೋಡಿರಲಿಕ್ಕಿಲ್ಲ. ಖಿನ್ನತೆ ಬಂದರೆ ಮನೋವೈದ್ಯರ ಹತ್ತಿರ ಹೋಗುವುದಕ್ಕೆ ಈ ರೋಗಿಗಳ ತಕರಾರೇನೂ ಇಲ್ಲ. ಇಲ್ಲದ ಕಾರಣ ಹೇಳಿ, ಅದಕ್ಕೆ ಚಿಕಿತ್ಸೆ ಕೊಟ್ಟು, ಹುಷಾರಾಗದಿದ್ದರೆ 'ನೀನೇ ಮನಸ್ಸು ಮಾಡಲಿಲ್ಲ' ಅನ್ನುತ್ತಾರಲ್ಲ, ತಕರಾರು ಅದಕ್ಕೆ.

ತಂಗಿಗೆ ಹೇಳಿ: ಇರುವ ಶಕ್ತಿಯನ್ನು ಪೂರ್ತಿ ಖಾಲಿ ಮಾಡಬೇಡ, ಸುಸ್ತಾಗುವ ಮೊದಲೇ ಕೂತುಕೋ, ತಲೆಸ್ನಾನದ ದಿನ ಅಡುಗೆ ಬೇಡ. ವ್ಯಾಯಾಮ ಮಾಡು ಅಂತ ಮಾತ್ರ ಇಲ್ಲಿಂದ ಒತ್ತಾಯ ಮಾಡಬೇಡಿ.

ಪ್ರಶ್ನೆ: ಎಲ್ಲ ರಿಪೋರ್ಟೂ ನಾರ್ಮಲ್ ಬಂದರೆ ಅದು ಮನಸ್ಸಿನದೇ ಅಲ್ವಾ?
— ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ. ಆ ರಿಪೋರ್ಟಿನಲ್ಲಿ ಹುಡುಕಿದ್ದು ಸಿಗಲಿಲ್ಲ ಅಂತ ಅರ್ಥ, ಅಷ್ಟೇ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಸಿಬ್ಬಂದಿ ಇಂಥದ್ದೇ ಕಾಯಿಲೆ ಬಿದ್ದರು, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೇ ಕಡತ ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಅಂತ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಅನ್ನುವುದು. ಒಬ್ಬ ರೋಗಿಯನ್ನೂ ಅವರು ಮಾತಾಡಿಸಿರಲಿಲ್ಲ. ಆ ರೋಗಿಗಳನ್ನು ಕಣ್ಣಾರೆ ನೋಡಿದ್ದ ಅಲ್ಲಿನ ಡಾಕ್ಟರ್ ಮೆಲ್ವಿನ್ ರಾಮ್ಸೆ ಅದನ್ನು ಒಪ್ಪಲಿಲ್ಲ. ಮುಂದೆ ಎಷ್ಟೋ ವರ್ಷ ಇಂಥ ರೋಗಿಗಳ ಪರವಾಗಿ ಬರೆಯುತ್ತಲೇ ಇದ್ದರು.