ಒಂದು ಚಮಚ ಅರಿಶಿನದ ಲೆಕ್ಕ

ನಮಸ್ಕಾರ,

'ಸ್ಟೀರಾಯ್ಡ್ ಸವೆಸಿದ ಮೂಳೆಗೆ ಅಡುಗೆಮನೆ ಮದ್ದು' ಲೇಖನ ತಲುಪಿತು. ಆಸ್ತಮಾಕ್ಕೆ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ ನಿಮ್ಮ ಅಮ್ಮ ಕುಗ್ಗುತ್ತಾ ಬಂದು, ಅವರ ಸೀರೆ ನೆಲ ಗುಡಿಸತೊಡಗಿದ ಪ್ಯಾರಾ ಚೆನ್ನಾಗಿದೆ. ಭಾಷೆಯೂ ಸಲೀಸು. ಇನ್ನು ಜಗಳಕ್ಕೆ ಬರುತ್ತೇನೆ.

ನೀವು ಬರೆದಿದ್ದೀರಿ: 'ಅರಿಶಿನದ ಕರ್ಕ್ಯುಮಿನ್ ಸವೆದ ಮೂಳೆಯನ್ನು ಮತ್ತೆ ಕಟ್ಟುತ್ತದೆ ಎಂದು ಸಾಬೀತಾಗಿದೆ.' ಯಾರ ಮೂಳೆ? ಇಂಥ ಪ್ರಯೋಗಗಳು ನಡೆದಿರುವುದು ಹೆಚ್ಚಾಗಿ ಇಲಿಗಳಲ್ಲಿ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿ ಮೂಳೆ ಸವೆಸುತ್ತಾರೆ, ಕರ್ಕ್ಯುಮಿನ್ ಕೊಟ್ಟು ನೋಡುತ್ತಾರೆ. ಇಲಿಗೆ ಅನುಕೂಲವಾಗಿದ್ದು ಸಂತೋಷದ ವಿಷಯವೇ. ಆದರೆ ನಿಮ್ಮ ನಾಲ್ಕು ಪುಟದಲ್ಲಿ ಇಲಿಯ ಸುಳಿವೇ ಇಲ್ವಲ್ಲ!

ಮುಂದಿನ ಸಾಲು: 'ದಿನಾ ಒಂದು ಚಮಚ ಅರಿಶಿನ ಹಾಲಿಗೆ ಹಾಕಿ ಕುಡಿದರೆ ಸಾಕು.' ಲೆಕ್ಕ ಹಾಕೋಣ. ಒಂದು ಚಮಚ ಅಂದರೆ ಸುಮಾರು 3 ಗ್ರಾಂ ಅರಿಶಿನ. ಅದರಲ್ಲಿ ಕರ್ಕ್ಯುಮಿನ್ ಶೇ 3ರ ಆಸುಪಾಸು, ಅಂದರೆ 90 ಮಿಲಿಗ್ರಾಂ. ಇಲಿಗೆ ಕೆಜಿ ತೂಕಕ್ಕೆ 100 ಮಿಲಿಗ್ರಾಂ ಕೊಟ್ಟರು ಅಂದುಕೊಳ್ಳಿ. ಮನುಷ್ಯರಿಗೆ ಹೊಂದಿಸಲು ಅದನ್ನು ಸುಮಾರು 6ರಿಂದ ಭಾಗಿಸುತ್ತಾರೆ. 60 ಕೆಜಿಯವರಿಗೆ ಹತ್ತಿರ ಹತ್ತಿರ 1 ಗ್ರಾಂ ಕರ್ಕ್ಯುಮಿನ್ ಬೇಕಾಯ್ತು. ಹತ್ತಕ್ಕೂ ಜಾಸ್ತಿ ಚಮಚ! ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ಪ್ರಕಟಿಸಿದ್ದಾರೆ: ಆರೋಗ್ಯವಂತರಿಗೆ ಬರೀ ಕರ್ಕ್ಯುಮಿನ್ 2 ಗ್ರಾಂ ಕೊಟ್ಟರೂ ರಕ್ತದಲ್ಲಿ ಅದು ಕಂಡಿದ್ದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ಊರಲ್ಲೇ ಇರುವ ಈ ಕಥೆ ಬಿಟ್ಟು 'ಪುರಾತನ ಜ್ಞಾನ' ಅಂತ ಅರ್ಧ ಪುಟ ತುಂಬಿಸಿದ್ದೀರಿ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಆರೋಗ್ಯದ ಸುದ್ದಿ ಕೊಟ್ಟರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಯಾರಿಗೆ? ಎಷ್ಟು? ಎಷ್ಟು ದಿನ?' ಅಂತ ಬರೆದು ವಾಪಸ್ ಮೇಜಿಗೆ ಎಸೆಯುತ್ತಿದ್ದರು. ಬಯ್ಯುತ್ತಲೂ ಇರಲಿಲ್ಲ. ಕ್ಯಾಂಟೀನಿನಲ್ಲಿ ನಾವು ಅವರನ್ನು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಈಗ ನನ್ನ ಪೆನ್ನೂ ಕೆಂಪೇ.

ನಿಜಕ್ಕೂ ಸಿಟ್ಟು ಬಂದಿದ್ದು ಕೊನೆಯ ಸಾಲಿಗೆ: 'ಇನ್ನು ಮಾತ್ರೆಯ ಹಂಗೇಕೆ?' ಯಾವ ಮಾತ್ರೆ? ಓದಿದವರು ಪ್ರೆಡ್ನಿಸೊಲೋನನ್ನೇ ಬಿಟ್ಟರೆ? ತುಂಬಾ ದಿನ ತಿಂದವರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಮೂಳೆಯ ಮಾತ್ರೆ ಅಂತ ಹೇಳಿದ್ದಾದರೂ ತಪ್ಪೇ. ಸ್ಟೀರಾಯ್ಡ್ ಶುರುವಾದ ಮೊದಲ ತಿಂಗಳುಗಳಲ್ಲೇ ಮೂಳೆ ಜೋರಾಗಿ ಸವೆಯುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ಮುರಿತದ ಅಪಾಯ ಇರುವವರಿಗೆ ಅಲೆಂಡ್ರೊನೇಟ್‌ನಂಥ ಔಷಧಿ, ಇವೆಲ್ಲ ಮನುಷ್ಯರಲ್ಲೇ ಪರೀಕ್ಷೆಯಾಗಿ ಬಂದವು. ನಿಮ್ಮ ಲೇಖನದಲ್ಲಿ ಇವಕ್ಕೆ ಒಂದು ವಾಕ್ಯವೂ ಇಲ್ಲ.

ಮಂಗರವಳ್ಳಿ ಎಂಬ ಬಳ್ಳಿಯ ಬಗ್ಗೆ ಬರೆದ ಭಾಗ ಸದ್ಯಕ್ಕೆ ಹಾಗೇ ಇರಲಿ. ಇಲಿಯನ್ನು ಮೊದಲ ಪುಟಕ್ಕೆ ತನ್ನಿ, ಕೊನೆಯ ಸಾಲು ಕಿತ್ತುಹಾಕಿ, ನಿಮ್ಮ ಅಮ್ಮನಿಗೆ ವೈದ್ಯರು ಏನು ಕೊಟ್ಟರು ಅಂತ ಕೇಳಿ ಬರೆಯಿರಿ. ಇನ್ನೊಮ್ಮೆ ಓದುತ್ತೇನೆ.