ಮಾರ್ಚಿಂಗ್ ಬ್ಯಾಂಡ್ ಸೇರಿದರೆ ಎಂಜಿನಿಯರಿಂಗ್ ಓದು ಕೆಡುತ್ತಾ?

ಮಗಳು ಬೆಂಗಳೂರಿನ ಶಾಲೆಯಲ್ಲಿ ಕ್ಲಾರಿನೆಟ್ ಕಲಿತಿದ್ದಾಳೆ, ಈಗ ಅಮೆರಿಕದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಅಲ್ಲಿನ ಕಾಲೇಜಿನ ಮಾರ್ಚಿಂಗ್ ಬ್ಯಾಂಡ್ (ಮೈದಾನದಲ್ಲಿ ನಡೆಯುತ್ತಾ ವಾದ್ಯ ನುಡಿಸುವ ತಂಡ) ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಓದಿಗೆ ತೊಂದರೆ ಆಗುತ್ತಾ ಎಂದು ಕೇಳಿದ್ದೀರಿ. ಖಂಡಿತ ಸೇರಲಿ. ಮೊದಲ ಸೆಮಿಸ್ಟರಿನಲ್ಲಿ ಕಷ್ಟದ ವಿಷಯಗಳನ್ನು ಒಟ್ಟಿಗೆ ತಗೊಳ್ಳದಿದ್ದರೆ ಸಾಕು. ನಾನು ಮೈಸೂರಿನವಳು. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಓದುತ್ತಲೇ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದ್ದೇನೆ.

ಬ್ಯಾಂಡ್ ಅಂದರೆ ಸಂಗೀತ ಓದುವವರಿಗೆ ಮಾತ್ರ ಎಂದು ಇಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ನಮ್ಮ ಬ್ಯಾಂಡಿನಲ್ಲಿ ನನ್ನ ಅಕ್ಕಪಕ್ಕ ನಿಲ್ಲುತ್ತಿದ್ದವರಲ್ಲಿ ಎಂಜಿನಿಯರಿಂಗ್‌ನವರೇ ಜಾಸ್ತಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಪರ್ಡ್ಯೂನಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಓದುವಾಗ ಇದೇ ಬ್ಯಾಂಡಿನಲ್ಲಿ ಬ್ಯಾರಿಟೋನ್ ಎಂಬ ಹಿತ್ತಾಳೆ ವಾದ್ಯ ಊದುತ್ತಿದ್ದರು. ಇದನ್ನು ನಮ್ಮ ಅಪ್ಪನಿಗೆ ಹೇಳಿದ ಮೇಲೆ ಮನೆಯಲ್ಲಿ ಚರ್ಚೆ ಅರ್ಧಕ್ಕೆ ಇಳಿಯಿತು. ನೀವೂ ಮನೆಯ ಹಿರಿಯರಿಗೆ ಹೇಳಿ ನೋಡಿ.

ಅಲ್ಲಿನ ಬ್ಯಾಂಡ್ ಹೇಗಿರುತ್ತದೆ ಎಂದು ಮಗಳಿಗೆ ಮೊದಲೇ ಗೊತ್ತಿರಬೇಕು. ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಸಾಲು ಕಟ್ಟಿ ನೇರವಾಗಿ ಸಾಗುತ್ತದೆ, ಅಲ್ವಾ? ಅಮೆರಿಕದ ಕಾಲೇಜು ಬ್ಯಾಂಡ್‌ಗಳೂ ಮೊದಲು ಹಾಗೇ ಇದ್ದವು, ಪೂರ್ತಿ ಮಿಲಿಟರಿ ಶಿಸ್ತು. 1907ರಲ್ಲಿ ಪರ್ಡ್ಯೂ ಬ್ಯಾಂಡಿನವರು ಸಾಲು ಬಿಟ್ಟು ಮೈದಾನದಲ್ಲಿ ಇಂಗ್ಲಿಷಿನ 'ಪಿ' ಅಕ್ಷರದ ಆಕಾರದಲ್ಲಿ ನಿಂತರು. ಆಮೇಲೆ ಮೈದಾನದಲ್ಲಿ ಚಿತ್ರ ಬಿಡಿಸುವುದೇ ಈ ಕಲೆಯ ಜೀವಾಳವಾಯಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್ 1936ರಿಂದ 'ಒಹಾಯೊ' (Ohio) ಎಂಬ ಹೆಸರನ್ನು ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರಗಳಲ್ಲಿ ಮೈದಾನದ ಮೇಲೆ ನಡೆದು ಬರೆಯುತ್ತಾ ಬಂದಿದೆ. ಕೊನೆಗೆ 'ಐ' ಅಕ್ಷರದ ಚುಕ್ಕೆಯಾಗಿ ಸೂಸಾಫೋನ್ ಎಂಬ ದೊಡ್ಡ ಊದುವ ವಾದ್ಯ ಹೊತ್ತವರೊಬ್ಬರು ಬಂದು ನಿಂತಾಗ ಇಡೀ ಕ್ರೀಡಾಂಗಣ ಎದ್ದು ಕೂಗುತ್ತದೆ. ಯೂಟ್ಯೂಬಿನಲ್ಲಿ ಒಮ್ಮೆ ನೋಡಿ, ಮಗಳ ಹಟ ಯಾಕೆ ಎಂದು ನಿಮಗೇ ತಿಳಿಯುತ್ತದೆ.

ಈ ಪ್ರದರ್ಶನ ನಡೆಯುವುದು ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ, ಅದು ನಮ್ಮಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಆ ಮೈದಾನದ ಆಟದ ಭಾಗ 100 ಗಜ ಉದ್ದ. ಪ್ರತಿ 5 ಗಜಕ್ಕೆ ಒಂದು ಬಿಳಿ ಗೆರೆ. ಎರಡು ಗೆರೆಗಳ ನಡುವೆ ಸರಿಯಾಗಿ 8 ಹೆಜ್ಜೆ ಇಡಬೇಕು. ಅಂದರೆ ಒಂದು ಹೆಜ್ಜೆ 22.5 ಇಂಚು, ಕುಳ್ಳಗಿರಲಿ, ಎತ್ತರ ಇರಲಿ, ಎಲ್ಲರಿಗೂ ಅಷ್ಟೇ. ಪ್ರತಿಯೊಬ್ಬರಿಗೂ ತಮ್ಮದೇ ಜಾಗಗಳ ಪಟ್ಟಿ ಕೊಡುತ್ತಾರೆ. ಇಂಥ ಗೆರೆಯಿಂದ ಇಷ್ಟು ಹೆಜ್ಜೆ ಆಚೆ, ಮೈದಾನದ ಅಂಚಿನ ಗೆರೆಯಿಂದ ಇಷ್ಟು ಹೆಜ್ಜೆ ಮುಂದೆ ಅಂತ. ಇಷ್ಟನೇ ತಾಳಕ್ಕೆ ಅಲ್ಲಿಗೆ ಮುಟ್ಟಿರಬೇಕು. ನೆಲ ನೋಡುವ ಹಾಗಿಲ್ಲ, ಕಣ್ಣಂಚಿನಲ್ಲೇ ಸಾಲು ಸರಿಮಾಡಿಕೊಳ್ಳಬೇಕು. ಕಾಲು ಒಂದು ಕಡೆ ಹೋಗುತ್ತಿದ್ದರೂ ಭುಜ, ವಾದ್ಯ ಎರಡೂ ಪ್ರೇಕ್ಷಕರ ಕಡೆಗೇ ಇರಬೇಕು. ಹಿಮ್ಮುಖವಾಗಿ ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗಬಾರದು. ಇದೆಲ್ಲದರ ನಡುವೆ ಉಸಿರು ಹತೋಟಿಯಲ್ಲಿ ಇಟ್ಟುಕೊಂಡು ಬಾಯಿಪಾಠದಿಂದ ನುಡಿಸಬೇಕು. ಕ್ಲಾರಿನೆಟ್ ಕೈಯಲ್ಲಿದ್ದರೂ ಮೊದಲ ವಾರ ನೋಯುವುದು ಬೆರಳಲ್ಲ, ಮೀನಖಂಡ ಮತ್ತು ಬೆನ್ನು. ಅದಕ್ಕೇ ಹೇಳುತ್ತಿದ್ದೇನೆ, ಈಗಿನಿಂದಲೇ ದಿನಾ ಒಂದಿಷ್ಟು ಓಡಲಿ.

ಈ ಕಲೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ನೂರಾರು ಜನರಲ್ಲಿ ಒಬ್ಬರು ಬರದಿದ್ದರೂ ಚಿತ್ರದಲ್ಲಿ ತೂತು ಕಾಣುತ್ತದೆ. ಹೊಸಬಳು ಎಂದು ಮೂಲೆಯಲ್ಲಿ ಕೂರಿಸಲು ಆಗುವುದೇ ಇಲ್ಲ. ಕ್ಲಾಸು ಶುರುವಾಗುವ ಮುಂಚೆಯೇ, ಆಗಸ್ಟ್ ಬಿಸಿಲಿನಲ್ಲಿ ಬ್ಯಾಂಡ್ ಕ್ಯಾಂಪ್ ನಡೆಯುತ್ತದೆ. ಪರ ಊರಿಗೆ ಒಬ್ಬಳೇ ಹೋದ ಹುಡುಗಿಗೆ ಮೊದಲ ದಿನದ ಪಾಠಕ್ಕೆ ಹೋಗುವ ಹೊತ್ತಿಗೇ ಹೆಸರು ಹಿಡಿದು ಕರೆಯುವ ಗೆಳತಿಯರು ಇರುತ್ತಾರೆ. ಕ್ಯಾಲ್ಕುಲಸ್ ಕಷ್ಟವಾದಾಗ ನನಗೆ ಹೇಳಿಕೊಟ್ಟವಳು ನನ್ನ ಸೆಕ್ಷನ್‌ನ, ಅಂದರೆ ಕ್ಲಾರಿನೆಟ್ ಗುಂಪಿನ, ಸೀನಿಯರ್.

ಇನ್ನು ಸಮಯದ ಮಾತು. ವಾರದ ದಿನಗಳಲ್ಲಿ ಸಂಜೆ ತಾಲೀಮು, ಶನಿವಾರ ಮ್ಯಾಚು. ಮ್ಯಾಚಿನ ದಿನ ಬೆಳಗ್ಗೆಯೇ ತಾಲೀಮು ಶುರು, ಆಮೇಲೆ ಆಟಕ್ಕೆ ಮುಂಚೆ ಒಂದು ಪ್ರದರ್ಶನ, ನಡುವಿನ ಬಿಡುವಿನಲ್ಲಿ ಇನ್ನೊಂದು, ಉಳಿದ ಹೊತ್ತು ಗ್ಯಾಲರಿಯಲ್ಲಿ ನಿಂತು ನುಡಿಸುವುದು. ಆ ಶನಿವಾರ ಓದು ಆಗುವುದಿಲ್ಲ. ಭಾನುವಾರ ಗ್ರಂಥಾಲಯಕ್ಕೆ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಲಿ. ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ (ಪ್ರತಿ ವಿಷಯಕ್ಕೂ ಇಷ್ಟು ಎಂದು ಸಿಗುವ ಅಂಕ) ತಗೊಳ್ಳಲೇಬೇಕು. ಎಷ್ಟೋ ಕಡೆ ಬ್ಯಾಂಡಿಗೇ ಒಂದೆರಡು ಕ್ರೆಡಿಟ್ ಸಿಗುತ್ತದೆ. ಚಳಿಗಾಲದ ರಜೆಯ ನಂತರದ ಸೆಮಿಸ್ಟರಿನಲ್ಲಿ ಫುಟ್‌ಬಾಲ್ ಇರುವುದಿಲ್ಲ, ಭಾರದ ವಿಷಯಗಳನ್ನು ಆಗ ಇಟ್ಟುಕೊಳ್ಳಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ರ‍್ಯಾಗಿಂಗ್ ಅಲ್ಲೂ ಇದೆ. 2011ರಲ್ಲಿ ಫ್ಲೋರಿಡಾದ ಒಂದು ಕಾಲೇಜು ಬ್ಯಾಂಡಿನ ವಿದ್ಯಾರ್ಥಿಯೊಬ್ಬ ಬಸ್ಸಿನಲ್ಲಿ ಜೊತೆಯವರು ಹೊಡೆದ ಹೊಡೆತದಿಂದ ಕುಸಿದು ತೀರಿಕೊಂಡ. ಅದಾದ ಮೇಲೆ ನಿಯಮಗಳು ಬಿಗಿಯಾಗಿವೆ. ನನಗೆ ಅಂಥದ್ದೇನೂ ಎದುರಾಗಲಿಲ್ಲ. ಆದರೂ ಸೀನಿಯರ್ ಯಾರಾದರೂ 'ಇದು ನಮ್ಮ ಸಂಪ್ರದಾಯ' ಎಂದು ಅವಮಾನ ಆಗುವಂಥದ್ದು ಏನಾದರೂ ಮಾಡಿಸಲು ಬಂದರೆ ಅಲ್ಲಿಂದ ಎದ್ದು ಬಂದು ನಿರ್ದೇಶಕರಿಗೆ ಹೇಳಲು ಮಗಳಿಗೆ ಧೈರ್ಯ ಇರಲಿ. ಆ ಧೈರ್ಯ ನಿಮ್ಮಿಂದಲೇ ಬರಬೇಕು.

ಆಡಿಷನ್ ದಿನಾಂಕವನ್ನು ಬ್ಯಾಂಡ್ ಆಫೀಸಿಗೆ ಈಗಲೇ ಇಮೇಲ್ ಮಾಡಿ ಕೇಳಲಿ. ಕೆಲವು ಕಡೆ ವಿಡಿಯೊ ಕಳಿಸಿದರೂ ನಡೆಯುತ್ತದೆ. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿರುವ ಓದು ಶುರುವಾಗುವ ದಿನಾಂಕಕ್ಕೆ 30 ದಿನ ಮುಂಚಿನಿಂದ ಅಮೆರಿಕಕ್ಕೆ ಹೋಗಬಹುದು, ಹಾಗಾಗಿ ಕ್ಯಾಂಪ್ ಯಾವಾಗ ಎಂದು ತಿಳಿದುಕೊಂಡೇ ವಿಮಾನದ ಟಿಕೆಟ್ ಮಾಡಿಸಿ. ಬೇರೆ ಊರಿಗೆ ಮ್ಯಾಚಿಗೆ ಹೋದಾಗ ಊಟದ ಡಬ್ಬಿ ಅವರೇ ಕೊಡುತ್ತಾರೆ, ಸಸ್ಯಾಹಾರಿ ಆಗಿದ್ದರೆ ಮೊದಲೇ ಬರೆಸಿರಲಿ. ಮಗಳ ಹತ್ತಿರ ಮರದ ಕ್ಲಾರಿನೆಟ್ ಇದ್ದರೆ ಅದನ್ನು ಮೈದಾನಕ್ಕೆ ಮಾತ್ರ ತರಬಾರದು. ನವೆಂಬರಿನ ಚಳಿಗೆ ಮರ ಸೀಳುತ್ತದೆ. ಅಲ್ಲಿ ಎಲ್ಲರೂ ನುಡಿಸುವುದು ಪ್ಲಾಸ್ಟಿಕ್ಕಿನದು, ಬಳಸಿದ್ದು ಕಡಿಮೆ ಬೆಲೆಗೇ ಸಿಗುತ್ತದೆ.